ಅವಿಸಾರ್ ಅಂದರೆ ಹೇಳಿಕಳಿಸುವುದು

ನನಗೆ ಬರುವ ಸ್ಪೇನ್ ದೇಶದ ಮಾತು ಒಂದೇ ಒಂದು. ಕಲಿತದ್ದು ಮೂವತ್ತರ ದಶಕದಲ್ಲಿ, ತಮಿಳು ಸೀಮೆಯ ಮೊರಪ್ಪೂರು ಸ್ಟೇಷನ್ನಿಗೆ ಹತ್ತಿರ ಕನ್ಯಾಸ್ತ್ರೀಯರು ನಡೆಸುತ್ತಿದ್ದ ಸಣ್ಣ ಆಸ್ಪತ್ರೆಯ ಜಗಲಿಯಲ್ಲಿ. ನನ್ನ ಗಂಡನಿಗೆ ಕ್ಷಯ. ಕೆಮ್ಮಿ ಕೆಮ್ಮಿ ಕುರಿಯ ಹಿಂದೆ ಹೋಗಲಾರದಷ್ಟಾದಾಗ ಮಾವ ಗಾಡಿ ಕಟ್ಟಿಕೊಂಡು ಹೋಗಿ ಅಲ್ಲಿ ಸೇರಿಸಿದರು. ನಮ್ಮ ಊರು ಕಾರಿಮಂಗಲದ ಆಚೆ. ಹೋಗಿ ಬರಲು ಹಗಲು ಪೂರ್ತಿ ಸಾಲುತ್ತಿರಲಿಲ್ಲ.

ಅಲ್ಲಿದ್ದ ಸಿಸ್ಟರಮ್ಮ ಸ್ಪೇನಿನವರು. ಅವರ ತಮಿಳು ಕುಂಟುತ್ತಿತ್ತು, ನನ್ನದು ಸಂತೆಯ ತಮಿಳು. ಇಬ್ಬರೂ ಸೇರಿ ಹೇಗೋ ಒಂದು ಮಾತು ಮುಗಿಸುತ್ತಿದ್ದೆವು. ಹಾಲು ಕುಡಿಯುವ ಮಗು ಇರುವವಳು ಇಲ್ಲಿ ಉಳಿಯಕೂಡದು ಎಂದರು. ಗಾಬರಿಗೆ ನನ್ನ ಬಾಯಲ್ಲಿ ನಮ್ಮ ಮನೆಮಾತು ಕನ್ನಡವೇ ಬಂತು.

"ಅಂಗಾರೆ ಇವ್ರಿಗೆ ಏನಾರ ಆದ್ರೆ ನಂಗೆಂಗೆ ಗೊತ್ತಾಯ್ತದೆ?"

ಭಾಷೆ ಬಾರದಿದ್ದರೂ ಅವರಿಗೆ ಅರ್ಥವಾಯಿತು. ಅಲ್ಲಿಗೆ ಬರುವ ಹೆಂಗಸರೆಲ್ಲ ಕೇಳುವುದು ಅದನ್ನೇ ತಾನೇ. "ಅವಿಸಾರ್" ಎಂದರು, ತಮ್ಮ ಎದೆ ಮುಟ್ಟಿಕೊಂಡು. ಹೇಳಿಕಳಿಸುವುದು ಅಂತ. ದೊಡ್ಡವರನ್ನು ಕೇಳಿಕೊಳ್ಳುವಾಗ "ಅವೀಸೆಮೆ" ಅನ್ನಬೇಕಂತೆ, ನನಗೆ ಹೇಳಿಕಳಿಸಿ ಎಂದು. ನಾನು ಹೇಳಿದೆ, ಅವರು ನಕ್ಕು ತಿದ್ದಿದರು, ಮತ್ತೆ ಹೇಳಿದೆ. ಆಮೇಲೆ ನೋಡಲು ಹೋದಾಗಲೆಲ್ಲ ಹೊರಡುವ ಮುಂಚೆ ಆ ಮಾತು ಆಡಿಯೇ ಬರುತ್ತಿದ್ದೆ. "ದೊರೆಸಾನಿ ಒಂಟ್ಲು ನೋಡು" ಎಂದು ಗಂಡ ಮಲಗಿದ್ದಲ್ಲಿಂದಲೇ ಛೇಡಿಸುತ್ತಿದ್ದರು.

ಒಂದು ಬೆಳಿಗ್ಗೆ ಆಸ್ಪತ್ರೆಯ ಗಾಡಿ ಹೊಡೆಯುವವನು ಬಂದ. ಬೇಲಿಯಾಚೆಯೇ ನಿಂತು, "ಅಣ್ಣನ್ಗೆ ಮೈ ಸರಿಲ್ಲ. ಬರ್ಬೇಕಂತೆ" ಅಂದ. ಅವನಿಗೆ ಬೇರೆ ಎಲ್ಲಿಗೋ ಹೋಗುವ ಅವಸರ. ನೀರೂ ಕುಡಿಯದೆ ಹೊರಟುಬಿಟ್ಟ.

ನಮ್ಮ ಕಡೆ ಸತ್ತ ಸುದ್ದಿಯನ್ನು ಸತ್ತರು ಅಂತ ಯಾರೂ ಹೇಳುವುದಿಲ್ಲ. ಮೈ ಸರಿಯಿಲ್ಲ, ಬರಬೇಕಂತೆ, ಅಷ್ಟೇ. ಹೇಳಲು ಬಂದವನು ಒಳಗೆ ಬರುವುದಿಲ್ಲ, ನೀರು ಮುಟ್ಟುವುದಿಲ್ಲ. ಉಳಿದದ್ದು ಕೇಳಿದವರಿಗೆ ಗೊತ್ತು. ನನ್ನ ಅತ್ತೆ ಎದೆ ಬಡಿದುಕೊಂಡು ಕುಸಿದರು. ಮಾವ ಕಾರಿಮಂಗಲದಲ್ಲಿ ಗಾಡಿ ನಿಲ್ಲಿಸಿ, ಹೆಣಕ್ಕೆ ಹೊದಿಸುವ ಹೊಸ ಬಿಳಿ ಬಟ್ಟೆ ತಂದರು. ದಾರಿಯುದ್ದಕ್ಕೂ ಅತ್ತೆ ಮಗನನ್ನು ಹಾಡಿ ಹಾಡಿ ಅಳುತ್ತಿದ್ದರು, ನಾನು ಅವರ ತೊಡೆಯ ಮೇಲೆ ಬಿದ್ದು ಅಳುತ್ತಿದ್ದೆ. ಮೊರಪ್ಪೂರು ಬರುವ ಹೊತ್ತಿಗೆ ನನ್ನಲ್ಲಿ ಕಣ್ಣೀರು ಉಳಿದಿರಲಿಲ್ಲ.

ಗಂಡ ಗೋಡೆಗೆ ಒರಗಿ ಕೂತು ಗಂಜಿ ಕುಡಿಯುತ್ತಿದ್ದರು. ನಮ್ಮ ಮುಖಗಳನ್ನೂ ಮಾವನ ಕಂಕುಳಲ್ಲಿದ್ದ ಬಟ್ಟೆಯನ್ನೂ ನೋಡಿ, "ಯಾರ್ ಓದ್ರು?" ಎಂದು ಕೇಳಿದರು.

ಅತ್ತೆ ಅವರನ್ನು ತಬ್ಬಿಕೊಂಡು, ಬೈದು, ನಕ್ಕು, ಮತ್ತೆ ಅತ್ತರು. ನನಗೂ ಸಂತೋಷವಾಗಬೇಕಿತ್ತು. ಆಗಲಿಲ್ಲ. ದುಃಖವೂ ಇರಲಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದರೂ ತಿಳಿಯುವುದಿಲ್ಲವಲ್ಲ, ಹಾಗಿತ್ತು. ಗಂಜಿಯ ಲೋಟ ಈಸಿಕೊಂಡು ತೊಳೆದಿಟ್ಟೆ.

ಹಿಂದಿನ ದಿನ ಜ್ವರ ಏರಿತ್ತಂತೆ, ಹೆಂಡತಿಯನ್ನು ನೋಡಬೇಕು ಅಂದಿದ್ದರಂತೆ. ಅದಕ್ಕೇ ಹೇಳಿಕಳಿಸಿದೆ ಎಂದರು ಸಿಸ್ಟರಮ್ಮ. ನಾನು ನಮ್ಮ ಪದ್ಧತಿ ಹೇಳಿದೆ. ಅವರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡರು. ಆಮೇಲೆ ತಮ್ಮ ಕುಂಟು ತಮಿಳಿನಲ್ಲಿ, ತಮ್ಮ ಊರಲ್ಲಿ ಅವಿಸಾರ್ ಅಂದರೆ ಇದ್ದದ್ದನ್ನು ಇದ್ದ ಹಾಗೆ ತಿಳಿಸುವುದು ಎಂದರು. ಇನ್ನು ಮೇಲೆ ಸರಿಯಾಗಿ ಗೊತ್ತಾಗದೆ ಯಾರನ್ನೂ ಕಳಿಸುವುದಿಲ್ಲ, ನಿನ್ನನ್ನು ಇನ್ನೊಮ್ಮೆ ಹೀಗೆ ಸಾಯಿಸುವುದಿಲ್ಲ ಎಂದು ಮಾತು ಕೊಟ್ಟರು. "ಅವೀಸೆಮೆ" ಅಂದೆ. ಆವತ್ತು ಅವರು ನಗಲಿಲ್ಲ, ತಿದ್ದಲೂ ಇಲ್ಲ.

ಕಡಲೆಕಾಯಿ ಕೀಳುವ ಕಾಲಕ್ಕೆ ನನಗೆ ಮಗುವಿನ ಕಾಯಿಲೆಯಿಂದ ಕೆಲವು ವಾರ ಆಸ್ಪತ್ರೆಗೆ ಹೋಗಲಾಗಲಿಲ್ಲ. ಆಗ ಅದೇ ಗಾಡಿಯವನು ಬಂದ. ಈ ಸಲ ಬೇಲಿ ದಾಟಿ ಒಳಗೇ ಬಂದು ನನ್ನ ಮುಂದೆ ನಿಂತ.

"ಅಣ್ಣ ತೀರೋದ್ರು ಕಣಕ್ಕಾ, ಒತ್ತಾರೆ. ಇದ್ದಂಗೇ ಏಳ್ಬೇಕು ಅಂತ ಸಿಸ್ಟರಮ್ಮ ಏಳವ್ರೆ."

ಅತ್ತೆ ಅವನ ಮೇಲೆ ಎಗರಿದರು. "ನಿನ್ ಬಾಯ್ಗೆ ಮಣ್ಣಾಕ! ಇಂಗಾ ಏಳೋದ್ಲಾ?"

ಕಂಡದ್ದನ್ನು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಅನ್ನುತ್ತಾರೆ. ಪಾಪ, ಅವನದೇನು ತಪ್ಪು. ನೀರು ಕೊಟ್ಟೆ, ಕುಡಿದ. ಕೇರಿಯ ಹೆಂಗಸರು ಬಂದು ನಿಂತರು, ಆದರೆ ಅಷ್ಟು ನೇರ ಮಾತಿನ ಎದುರಿಗೆ ಅಳುವುದನ್ನು ಎಲ್ಲಿಂದ ಶುರು ಮಾಡಬೇಕೋ ಅವರಿಗೂ ತಿಳಿಯಲಿಲ್ಲ. ನಾನು ಮಗುವಿಗೆ ಹಾಲು ಕೊಟ್ಟು, ಮರಿಗಳನ್ನು ಕೂಡಿಹಾಕಿ, ಗಾಡಿ ಹತ್ತಿದೆ. ದಾರಿಯಲ್ಲಿ ಹೊಲಗಳನ್ನು ನೋಡುತ್ತಾ ಹೋದೆ. ಕಾಯಿ ಈ ವರ್ಷ ಚೆನ್ನಾಗಿದೆ ಅನ್ನಿಸಿತು.

ಸಿಸ್ಟರಮ್ಮ ಬಾಗಿಲಲ್ಲೇ ಇದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು.

"ಕೆಲವು ದಿನದಿಂದ ನಿನ್ನನ್ನೇ ಕೇಳುತ್ತಿದ್ದರು" ಎಂದರು. "ಕರೆಸಿ ಅಂದರು. ಉಳಿಯುತ್ತಾರೋ ಇಲ್ಲವೋ ನನಗೆ ಗೊತ್ತಿರಲಿಲ್ಲ. ಮೈ ಸರಿಯಿಲ್ಲ ಅಂತ ಹೇಳಿಕಳಿಸಿದರೆ ನೀನು ಮತ್ತೆ ಆ ಬಿಳಿ ಬಟ್ಟೆ ಹಿಡಿದು ಅಳುತ್ತಾ ಬರುತ್ತೀಯ ಅಂತ ಹೆದರಿದೆ. ಗೊತ್ತಾಗಲಿ ಅಂತ ಕಾದೆ."

ಅವರು ಅಳುತ್ತಿದ್ದರು. ನನಗೆ ಅಳು ಬರಲಿಲ್ಲ. ಅವರ ಮೇಲೆ ಸಿಟ್ಟೂ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಕೊಟ್ಟ ಮಾತು ನಡೆಸಿಕೊಂಡವರ ಮೇಲೆ ಏನಂತ ಸಿಟ್ಟಾಗುವುದು? ಏನಾದರೂ ಕೇಳಬೇಕಲ್ಲ ಎಂದು, "ಯಾವ ಹೊತ್ತಿನಲ್ಲಿ ಕೇಳುತ್ತಿದ್ದರು?" ಎಂದೆ.

"ಹೊರಗೆ ಗಾಡಿಯ ಸದ್ದಾದಾಗಲೆಲ್ಲ" ಎಂದರು.