ಅಣ್ಣನ ಗಾಡಿಯ ಸದ್ದು

ಹಳೇ ಗಾಡಿ ಕೊಳ್ಳುವವರು ಟೈರು ನೋಡುತ್ತಾರೆ, ತುಕ್ಕು ಕೆರೆದು ನೋಡುತ್ತಾರೆ. ನಾನು ಮೈಲಾಪೂರಿನ ಒಂದು ಮನೆಯ ಶೆಡ್ಡಿನಲ್ಲಿ ಕಣ್ಣು ಮುಚ್ಚಿಕೊಂಡು ನಿಂತು, ಒಂದು ಸಲ ಸ್ಟಾರ್ಟ್ ಮಾಡಿ ಅಂದೆ. ಗಾಡಿ ಕೆಮ್ಮಿತು, ಹೊಗೆ ಕಾರಿತು, ನಿಂತುಹೋಯಿತು. ಆ ಕೆಮ್ಮಿನಲ್ಲೇ ಅಣ್ಣನ ಮೋಟಾರ್ ಸೈಕಲ್ಲಿನ ದನಿ ಎಲ್ಲೋ ಕೇಳಿದಂತಾಯಿತು. ಅಲ್ಲೇ ಒಪ್ಪಿಕೊಂಡುಬಿಟ್ಟೆ.

ಅಣ್ಣ ತೀರಿಹೋಗಿದ್ದ. ಅಮ್ಮನಿಗೆ ಅದನ್ನು ಹೇಳಿರಲಿಲ್ಲ. ಮದುವೆ ಬೇಡವೆಂದು ವೆಸ್ಟ್ ಮಾಂಬಲಂನ ಮನೆಯಲ್ಲಿ ಅವಳ ಜೊತೆಗೇ ಇದ್ದವನು ಅವನು, ರೈಲ್ವೆ ನೌಕರ. ಅವನು ಆಸ್ಪತ್ರೆಯಲ್ಲಿದ್ದಾಗ ಬೀದಿಯಲ್ಲಿ ನಿಲ್ಲಿಸಿದ್ದ ಗಾಡಿಯನ್ನೂ ಯಾರೋ ಪುಣ್ಯಾತ್ಮರು ಹೊಡೆದುಕೊಂಡು ಹೋದರು. ಅಮ್ಮ ಹಾಸಿಗೆ ಹಿಡಿದಿದ್ದಳು, ಕಣ್ಣು ಪೂರ್ತಿ ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಅವಳ ಹೃದಯ ತಡೆಯಲಿಕ್ಕಿಲ್ಲ ಎಂದು ಡಾಕ್ಟರು ಹೆದರಿಸಿದ್ದರು. ಹಾಗಾಗಿ ನಾನೂ ನನ್ನ ಹೆಂಡತಿಯೂ, ಅಣ್ಣನಿಗೆ ತಿರುಚ್ಚಿಗೆ ವರ್ಗವಾಗಿದೆ ಎಂದು ಸುಳ್ಳು ಹೇಳಿ, ಕರ್ಮಗಳನ್ನೆಲ್ಲ ಶ್ರೀರಂಗಪಟ್ಟಣದಲ್ಲಿ ಮುಗಿಸಿ, ಪೆರುಂಗುಡಿಯ ಫ್ಲ್ಯಾಟಿಗೆ ಬೀಗ ಹಾಕಿ ಅವಳ ಮನೆಗೇ ಬಂದೆವು. ಅಲ್ಲಿಯವರೆಗೆ ಹಗಲು ನಾವು ಬಂದು ಊಟ ಬಡಿಸಿ ಹೋಗುತ್ತಿದ್ದೆವು, ಹಬ್ಬದ ದಿನವೂ; ರಾತ್ರಿಗೆ ಒಬ್ಬ ಆಯಾ ಇದ್ದಳು.

ಅವಳು ಹೆಚ್ಚೇನೂ ಕೇಳುತ್ತಿರಲಿಲ್ಲ. ಸಂಜೆಯಾದರೆ, ಇವತ್ತೂ ಅವನ ಗಾಡಿ ಬರಲಿಲ್ಲವಲ್ಲೋ ಅನ್ನುತ್ತಿದ್ದಳು, ಅಷ್ಟೇ. ಸಾಯುವ ಮುಂಚೆ ಒಂದೇ ಒಂದು ಸಲ ಅವಳಿಗೆ ಆ ಗಾಡಿಯ ಸದ್ದು ಕೇಳಿಸಬೇಕು ಎಂಬ ಹುಚ್ಚು ನನಗೆ ಹತ್ತಿದ್ದು ಹೀಗೆ.

ಮೆಕ್ಯಾನಿಕ್ ಬಾಯಿಬಡುಕ. ಹ್ಯಾಂಡಲ್ ಬುಡದ ಪೇಂಟು ಕೆರೆದು ನಂಬರ್ ಓದಿದ, ಇಂಜಿನ್ ಮೇಲಿನ ಜಿಡ್ಡು ಒರೆಸಿ ಇನ್ನೊಂದು ನಂಬರ್ ಓದಿದ, ಆಮೇಲೆ ತಮಿಳಿನಲ್ಲಿ ಗಹಗಹಿಸಿ ನಕ್ಕ. ಚಾಸಿಸ್ ಒಂದು ಗಾಡಿಯದಂತೆ, ಇಂಜಿನ್ ಇನ್ನೊಂದರದಂತೆ, ಟ್ಯಾಂಕಂತೂ ಬೇರೆ ಮಾಡೆಲ್ಲಿನದೇ ಅಂತೆ. ನಿಮಗೆ ಚೆನ್ನಾಗಿ ಟೋಪಿ ಹಾಕಿದ್ದಾರೆ ಸಾರ್ ಅಂದ. ಅದರ ಜಾತಕ ಕಟ್ಟಿಕೊಂಡು ನನಗೇನಾಗಬೇಕು, ಸದ್ದು ಸರಿಯಾಗಬೇಕು ಅಂದೆ. ಎಂಥ ಸದ್ದು ಎಂದು ಕೇಳಿದ. ಐವತ್ತು ದಾಟಿದ ನಾನು, ಇನ್ಶೂರೆನ್ಸ್ ಕಂಪನಿಯ ಆಫೀಸರು, ಬೀದಿಯಲ್ಲಿ ನಿಂತು ಬಾಯಲ್ಲಿ ಡುಗುಡುಗು ಅಂದು ತೋರಿಸಿದೆ. ಟೀ ಅಂಗಡಿಯವರೆಲ್ಲ ತಿರುಗಿ ನೋಡಿ ನಕ್ಕರು. ನಗಲಿ, ಅವರ ಮನೆ ಹಾಳಾಗ.

ಅಬ್ಬರ ಹೆಚ್ಚಲೆಂದು ಯಾರೋ ಸೈಲೆನ್ಸರಿನ ಒಳಕೊಳವೆಗೆ ತೂತು ಕೊರೆದಿದ್ದರು. ಅವನು ಬೇರೆ ಕೊಳವೆ ಹುಡುಕಿ ಹಾಕಿದ, ಒಳಗೆ ಕಟ್ಟಿದ್ದ ಮಸಿ ಸುಟ್ಟು ತೆಗೆದ, ಕಾರ್ಬುರೇಟರ್ ಬಿಚ್ಚಿ ತೊಳೆದ, ಪೆಟ್ರೋಲಿಗೆ ಆಯಿಲ್ ಬೆರೆಸಿದ. ಒದ್ದು ಒದ್ದು ಸ್ಟಾರ್ಟ್ ಮಾಡುತ್ತಿದ್ದ, ಇದಲ್ಲ ಅನ್ನುತ್ತಿದ್ದೆ, ಬೈದುಕೊಂಡು ಮತ್ತೆ ಬಿಚ್ಚುತ್ತಿದ್ದ. ಕೊನೆಗೊಮ್ಮೆ ಅದು ಬಂತು, ಅದೇ ಸದ್ದು. ನಾನು ಫುಟ್‌ಪಾತಿನ ಮೇಲೆ ಕುಸಿದು ಕೂತು ಗೊಳೋ ಎಂದು ಅತ್ತೆ. ಮೆಕ್ಯಾನಿಕ್ ಏನೂ ಕೇಳದೆ ಒಂದು ಟೀ ತರಿಸಿಕೊಟ್ಟ.

ಮರುದಿನ ಸಂಜೆ ಬಾಗಿಲವರೆಗೂ ಗಾಡಿ ಓಡಿಸಿಕೊಂಡು ಹೋದೆ. ಅಮ್ಮನ ಕಿಟಕಿಯ ಕೆಳಗೆ ನಿಲ್ಲಿಸಿ ಎರಡು ಸಲ ರೇಸ್ ಮಾಡಿ, ತಿರುಗಿಸಿಕೊಂಡು ಹೋಗಿ, ಪಕ್ಕದ ಬೀದಿಯಲ್ಲಿಟ್ಟು ನಡೆದು ಬಂದೆ. ಭಾವ ಬಂದಿದ್ದರು, ನೀವು ಮಲಗಿದ್ದಿರಿ, ಡ್ಯೂಟಿಗೆ ಹೊತ್ತಾಯಿತೆಂದು ಹೊರಟರು ಎಂದು ಹೆಂಡತಿ ಆಗಲೇ ಹೇಳಿ ಮುಗಿಸಿದ್ದಳು. ಅಮ್ಮ ಎದ್ದು ದಿಂಬಿಗೊರಗಿ ಕೂತಿದ್ದಳು.

"ಅವನು ಯಾವತ್ತೂ ಬಾಗಿಲ ತನಕ ಓಡಿಸ್ಕೊಂಡು ಬಂದವನಲ್ಲ ಕಣೋ. ನನ್ನ ನಿದ್ದೆ ಕೆಡತ್ತೆ ಅಂತ ಬೀದಿ ಮೂಲೇಲೇ ಆಫ್ ಮಾಡಿ ತಳ್ಕೊಂಡು ಬರ್ತಿದ್ದ. ಸ್ಟ್ಯಾಂಡ್ ಹಾಕೋ ಸದ್ದು ಬಿಟ್ರೆ ನಂಗೇನೂ ಕೇಳಿಸ್ತಿರ್ಲಿಲ್ಲ."

ಇದು ನನಗೆ ಗೊತ್ತೇ ಇರಲಿಲ್ಲ. ಪೆರುಂಗುಡಿಯ ನಮ್ಮ ಗೇಟಿಗೆ ಅವನು ಊರಿಗೆಲ್ಲ ಕೇಳುವಂತೆ ಬರುತ್ತಿದ್ದ. ನಾನು ಆ ಸದ್ದನ್ನೇ ಹುಡುಕಿದ್ದೆ.

"ನೀವಿಬ್ರೂ ಇಲ್ಲಿಗೆ ಬಂದು ಮಲಗಿದ ದಿನಾನೇ ಅವನಿಲ್ಲ ಅಂತ ನಂಗೆ ಗೊತ್ತಾಯ್ತು" ಅಂದಳು. ನಾನಾಗಿಯೇ ಬಾಯಿಬಿಡುತ್ತೇನೇನೋ ಎಂದು ದಿನಾ ಗಾಡಿಯ ಮಾತೆತ್ತುತ್ತಿದ್ದಳಂತೆ. ನಾನು ಅವಳ ಮಂಚದ ಪಟ್ಟಿಗೆ ಹಣೆ ಹಚ್ಚಿ ಅತ್ತೆ. ಅವಳು ಅಳಲಿಲ್ಲ. ನನ್ನ ಬೆನ್ನ ಮೇಲೆ ಕೈಯಿಟ್ಟು, ಅವನು ಹೋದ ತಿಥಿ ಯಾವುದು ಎಂದು ಕೇಳಿದಳು.

ಆಶ್ವಯುಜ ಬಹುಳ ದಶಮಿ ಅಂದೆ.

ಹೆಬ್ಬೆರಳಿನಿಂದ ಬೆರಳಿನ ಗೆಣ್ಣುಗಳನ್ನು ಎಣಿಸುತ್ತ ಹೋದಳು. ನಡುವೆ ಕೈ ನಿಂತುಬಿಟ್ಟಿತು.

"ಹಾಗಾದ್ರೆ ಸೂತಕದಲ್ಲಿ ನಂಗೆ ದೀಪಾವಳಿ ಹೋಳಿಗೆ ಬಡಿಸಿದ್ರಿ" ಅಂದಳು. "ಚೆನ್ನಾಗಿದೆ ಅಂತ ಇನ್ನೊಂದು ಕೇಳಿ ಹಾಕಿಸ್ಕೊಂಡೆನಲ್ಲೋ ನಾನು."