ಕೋಟೆ ಬಾಗಿಲ ಎಡ ಮೂಲೆ

ನಮ್ಮ ಮನೆಯವರು ತೀರಿಕೊಂಡ ಮೇಲೆ ಕಾರ್ಯದ ದಿನಕ್ಕೆ ಗೋಡೆಗೆ ಹಾಕುವ ಫೋಟೊ ಬೇಕಾಯಿತು. ಆ ಕೆಲಸ ನನಗೆ ಕಷ್ಟವಾಗಬಾರದಿತ್ತು. ನಾಲ್ಕು ವರ್ಷದಿಂದ ಮನೆಯಲ್ಲಿ ಕ್ಯಾಮೆರಾ ಹಿಡಿದವಳು ನಾನೇ. ಎಲ್ಲ ಚಿತ್ರಗಳನ್ನೂ ಊರಿನ ಹೆಸರು, ತಾರೀಖು ಹಾಕಿ ಕಂಪ್ಯೂಟರಿನಲ್ಲಿ ಜೋಡಿಸಿಟ್ಟಿದ್ದೆ. ಹತ್ತು ನಿಮಿಷದಲ್ಲಿ ಒಂದನ್ನು ಆರಿಸಿ ಮಗಳ ಕೈಗೆ ಕೊಟ್ಟೆ. ನ್ಯಾಮತಿ ಕಡೆಯ ತೀರ್ಥರಾಮೇಶ್ವರಕ್ಕೆ ಹೋದಾಗ ತೆಗೆದದ್ದು. ಬೆಳಕು ಸರಿಯಾಗಿತ್ತು, ಮುಖ ಸ್ಪಷ್ಟವಾಗಿತ್ತು, ಅಂಗಿಯ ಗುಂಡಿಗಳನ್ನು ಎಣಿಸಬಹುದಿತ್ತು.

ಜಗಳೂರಿನಿಂದ ಬಂದಿದ್ದ ನಾದಿನಿ, ಅಂದರೆ ಅವರ ತಂಗಿ, ಕಟ್ಟು ಹಾಕಿಸಿದ ಆ ಫೋಟೊದ ಮುಂದೆ ಹಾರ ಹಿಡಿದು ನಿಂತಳು. ಹಾಕಲಿಲ್ಲ.

"ಅತ್ತಿಗೆ, ಇದು ಯಾರ್ದು?"

"ಯಾರ್ದು ಅಂದ್ರೆ? ನಿಮ್ಮಣ್ಣಂದು."

"ನಮ್ಮಣ್ಣ ಹಿಂಗೆ ನಿಂತಿದ್ದು ನಾನು ಒಂದಿನಾನೂ ನೋಡಿಲ್ಲ. ಚೆಕಿಂಗ್‌ನೋರು ಬಸ್ ಹತ್ತಿದಾಗ ನಿಂತಂಗೆ ನಿಂತಾನೆ. ಬೇರೆ ಇಲ್ವಾ?"

ಇದೆ, ಹುಡುಕುತ್ತೇನೆ ಎಂದೆ. ಅವಳು ಹಾರ ಹಾಕಿ ಅಡುಗೆಮನೆಗೆ ಹೋದಳು. ನನಗೆ ಅವಳ ಮೇಲೆ ಕೋಪ ಬಂದಿತ್ತು. ಆದರೆ ಸಂಜೆ ಎಲ್ಲರೂ ಹೋದ ಮೇಲೆ ಫೋಟೊದ ಎದುರು ಕುರ್ಚಿ ಹಾಕಿಕೊಂಡು ಕೂತಾಗ, ಅವಳು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ ಎಂದು ಕಂಡಿತು.

ಅವರು ಬಸ್ ಕಂಡಕ್ಟರ್. ಹೊನ್ನಾಳಿಯಿಂದ ಹೊರಡುವ ರೂಟುಗಳಲ್ಲೇ ಅವರ ನೌಕರಿ ಮುಗಿಯಿತು. ಓಡುವ ಬಸ್ಸಿನಲ್ಲಿ ಅಷ್ಟು ವರ್ಷ ನಿಂತ ಮನುಷ್ಯ ನೆಲದ ಮೇಲೂ ಸುಮ್ಮನೆ ನಿಲ್ಲುತ್ತಿರಲಿಲ್ಲ. ಒಂದು ಕಾಲಿನಿಂದ ಇನ್ನೊಂದಕ್ಕೆ ಭಾರ ಬದಲಿಸುತ್ತ, ಕೈಗೆ ಸಿಕ್ಕ ಕಿಟಕಿಯ ಸರಳನ್ನೋ ಬಾಗಿಲ ಪಟ್ಟಿಯನ್ನೋ ಹಿಡಿದು ತೂಗುತ್ತ ಮಾತಾಡುತ್ತಿದ್ದರು. ಮಾತಂತೂ ನಿಂತದ್ದೇ ಇಲ್ಲ. ನಾನು ಸರ್ಕಾರಿ ಆಸ್ಪತ್ರೆಗಳಲ್ಲಿ ಮೂವತ್ತಮೂರು ವರ್ಷ ನರ್ಸ್ ಆಗಿದ್ದವಳು. ಮದುವೆಯಾದ ಹೊಸದರಲ್ಲಿ ತಮಾಷೆಗೆ ನನ್ನನ್ನು 'ಸಿಸ್ಟರೇ' ಎಂದು ಕರೆಯಲು ಶುರುಮಾಡಿದರು. ಅದೇ ಉಳಿಯಿತು. ಸಂತೆಯಲ್ಲಿ ಹಾಗೆ ಕೂಗಿದಾಗ ಜನ ತಿರುಗಿ ನಮ್ಮಿಬ್ಬರನ್ನೂ ನೋಡುತ್ತಿದ್ದರು. ಅವರಿಗೆ ಅದು ಇನ್ನೂ ಖುಷಿ.

ಹದಿನೇಳನೆಯ ವಯಸ್ಸಿಗೆ ನರ್ಸಿಂಗ್ ಶಾಲೆಯ ಹಾಸ್ಟೆಲಿನಲ್ಲಿ ಕಲಿತ ದಿನಚರಿಯನ್ನು ನಾನು ಇವತ್ತಿಗೂ ಬಿಟ್ಟಿಲ್ಲ. ಐದಕ್ಕೆ ಏಳುತ್ತೇನೆ. ಹಾಸಿಗೆ ಬಟ್ಟೆಯ ಮೂಲೆಗಳನ್ನು ಮಡಿಸಿ ಬಿಗಿಯಾಗಿ ಸಿಕ್ಕಿಸುತ್ತೇನೆ. ನಿವೃತ್ತಿಯಾದ ವರ್ಷ, ದಾವಣಗೆರೆಯಲ್ಲಿರುವ ಮಗಳು ತಾನು ಬಳಸದೆ ಇಟ್ಟಿದ್ದ ಕ್ಯಾಮೆರಾ ಕೊಟ್ಟಾಗ, ಅದರ ಜೊತೆಗಿದ್ದ ಪುಸ್ತಿಕೆಯನ್ನು ದಿನಕ್ಕೆ ನಾಲ್ಕು ಪುಟದಂತೆ ಓದಿ ಮುಗಿಸಿದೆ. ತಿಳಿಯದ್ದನ್ನು ಕೇಳಲು ನ್ಯಾಮತಿಯ ಬಸ್ ನಿಲ್ದಾಣದ ಹತ್ತಿರ ಸ್ಟುಡಿಯೊ ಇಟ್ಟಿದ್ದ ಒಬ್ಬ ಭಾಯಿಯ ಬಳಿ ಹೋಗುತ್ತಿದ್ದೆವು. ಮದುವೆ ಮನೆಗಳಲ್ಲಿ ಕ್ಯಾಮೆರಾ ಹೊತ್ತು ಹೊತ್ತು ಒಂದು ಭುಜ ಇಳಿದುಹೋಗಿದ್ದ ಮನುಷ್ಯ. ನಮ್ಮ ಮನೆಯವರ ಬಸ್ಸಿನಲ್ಲಿ ಓಡಾಡಿದ ಹಳೆಯ ಪರಿಚಯ. ನಾನು ತಂದ ಚಿತ್ರಗಳನ್ನೆಲ್ಲ ನೋಡಿ ಒಮ್ಮೆ ಅವರು ಹೇಳಿದರು:

"ಮೇಡಮ್ಮೋರೆ, ಯಂತ್ರ ನಿಮ್ಮ ಕೈಗೆ ಬಂದೈತೆ. ಮನುಷ್ಯರು ಇನ್ನೂ ಬಂದಿಲ್ಲ. ಕಲ್ಲನ್ನ ಹೆಂಗೆ ತೆಗೀತೀರೋ ಮನೆಯೋರ್ನೂ ಹಂಗೇ ತೆಗೀತೀರಿ."

"ಕಲ್ಲು ಅಲುಗಾಡಲ್ಲ ಭಾಯಿ," ಎಂದೆ.

"ಅದಕ್ಕೇ ಅದು ಕಲ್ಲು!" ಎಂದು ಇವರು ಹಿಂದಿನ ಬೆಂಚಿನಿಂದ ಕೂಗಿದರು. ಇಬ್ಬರೂ ಗಂಡಸರು ಚಹಾ ಚೆಲ್ಲುವಂತೆ ನಕ್ಕರು. ನನಗೆ ನಗು ಬರಲಿಲ್ಲ. ಕ್ಯಾಮೆರಾ ಶಟರಿನ ವೇಗದ ಲೆಕ್ಕ ಕೇಳಲು ಹೋದವಳಿಗೆ ಅದಕ್ಕೆ ಉತ್ತರ ಸಿಕ್ಕಿರಲಿಲ್ಲ.

ತಿಂಗಳಿಗೊಮ್ಮೆ ಇಬ್ಬರೂ ಎಲ್ಲಿಗಾದರೂ ಹೋಗಿಬರುತ್ತಿದ್ದೆವು, ಕೆಲವೊಮ್ಮೆ ಮಗಳ ಮನೆಯವರೂ ಸೇರುತ್ತಿದ್ದರು. ದೂರವೇನಿಲ್ಲ, ಬಸ್ಸು ಹೋಗುವ ಕಡೆ. ಸಾಸ್ವೆಹಳ್ಳಿಯ ಹತ್ತಿರ ಹೊಳೆಯ ದಂಡೆ, ಚನ್ನಗಿರಿಯ ಗುಡ್ಡ, ಸೂಳೆಕೆರೆ ಏರಿ. ಸೂಳೆಕೆರೆಯಿಂದ ಬರುವಾಗ ಒಮ್ಮೆ ಇವರು ಬೇಕೆಂದೇ ತ್ಯಾವಣಿಗೆಯ ಕಡೆ ಕರೆದೊಯ್ದು, ತಮ್ಮ ಹಳೆಯ ಡ್ರೈವರೊಬ್ಬರ ಮನೆಯಲ್ಲಿ ಎರಡು ತಾಸು ಕಳೆದರು. ನಾನು ಬರೆದುಕೊಂಡಿದ್ದ ವೇಳಾಪಟ್ಟಿಯೆಲ್ಲ ಕೆಟ್ಟಿತು. "ಬಸ್ಸಿಗೆ ಟೈಮ್ ಐತೆ ಸಿಸ್ಟರೇ, ಜನಕ್ಕೆ ಇಲ್ಲ. ಹತ್ತೋವರ್ಗೂ ನಿಲ್ಲಬೇಕು," ಎಂದರು.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಕೂತು ಆ ವಾರದ ಕೆಟ್ಟ ಚಿತ್ರಗಳನ್ನು ಅಳಿಸುತ್ತಿದ್ದೆ. ವಾರ್ಡಿನಲ್ಲಿ ವಾರಕ್ಕೊಮ್ಮೆ ಔಷಧಿ ಕಪಾಟು ತೆರೆದು ಅವಧಿ ಮುಗಿದದ್ದನ್ನೆಲ್ಲ ತೆಗೆದುಹಾಕುವ ಪದ್ಧತಿ ಇತ್ತು. ಒಂದು ಹಳೆಯ ಬಾಟಲಿ ಉಳಿದರೂ ಯಾರದೋ ಜೀವಕ್ಕೆ ಅಪಾಯ. ಅದೇ ನಿಯಮವನ್ನು ಯೋಚಿಸದೆ ಚಿತ್ರಗಳಿಗೂ ಹಚ್ಚಿದೆ. ಮಸುಕಾದದ್ದು, ಕಣ್ಣು ಮುಚ್ಚಿದ್ದು, ಬಾಯಿ ತೆರೆದದ್ದು ಉಳಿಯಬಾರದು. ಅವರಿದ್ದ ಚಿತ್ರದಲ್ಲಿ ಈ ಮೂರರಲ್ಲಿ ಒಂದಾದರೂ ದೋಷ ಇದ್ದೇ ಇರುತ್ತಿತ್ತು. ಹತ್ತೂಮುಕ್ಕಾಲಿಗೆ ಕೆಲಸ ಮುಗಿದು, ಅಚ್ಚುಕಟ್ಟಾಯಿತು ಎಂಬ ನೆಮ್ಮದಿಯಿಂದ ಏಳುತ್ತಿದ್ದೆ.

ಹೀಗೆ ಮೂರು ವರ್ಷ ಕಳೆದ ಮೇಲೆ ಜಗಳೂರಿಗೆ ಹೋದೆವು. ನಾದಿನಿಯ ಮನೆಯಲ್ಲಿ ಉಳಿದು, ಅವಳನ್ನೂ ಅವಳ ಗಂಡನನ್ನೂ ಕರೆದುಕೊಂಡು ರಂಗಯ್ಯನದುರ್ಗದ ಕಾಡಿಗೆ ಹೊರಟೆವು. ಕಾಡು ಎಂದರೆ ಕುರುಚಲು, ಮುಳ್ಳು, ಕೆಂಪು ನೆಲ. ಅಲ್ಲಿ ಕೊಂಡುಕುರಿ ಇದೆ. ನಾಲ್ಕು ಕೊಂಬಿನ, ಜಿಂಕೆಗಿಂತ ಸಣ್ಣ ಪ್ರಾಣಿ, ಬಹಳ ನಾಚಿಕೆಯದು. ಅದರ ಒಂದು ಚಿತ್ರ ತೆಗೆಯಬೇಕೆಂದು ನಾನು ಆರು ತಿಂಗಳಿನಿಂದ ತಯಾರಿ ಮಾಡಿದ್ದೆ. ಯಾರೂ ಮಾತಾಡಬಾರದು, ಕೆಮ್ಮಬಾರದು ಎಂದು ಹಿಂದಿನ ದಿನವೇ ಎಲ್ಲರಿಗೂ ಹೇಳಿದ್ದೆ. ಕಾಡಿನ ಕಾವಲಿನವರು ತೋರಿಸಿದ ಜಾಗದಲ್ಲಿ, ನೀರಿನ ಗುಂಡಿಗೆ ಎದುರಾಗಿ, ಒಂದೂಮುಕ್ಕಾಲು ತಾಸು ಕೂತೆವು. ಪೊದೆ ಅಲುಗಿತು. ಮೊದಲು ಕಿವಿ ಕಂಡಿತು, ಆಮೇಲೆ ಕಂದು ಕುತ್ತಿಗೆ. ನಾನು ಉಸಿರು ಹಿಡಿದು ಬೆರಳು ಒತ್ತುವಷ್ಟರಲ್ಲಿ ನನ್ನ ಕಿವಿಯ ಪಕ್ಕದಲ್ಲೇ ಅವರ ದನಿ:

"ಅಗೋ ಸಿಸ್ಟರೇ, ಬಂತು ನೋಡ್ರಿ ನಿಮ್ಮ ಪೇಷಂಟು!"

ನನ್ನ ಕ್ಯಾಮೆರಾದಲ್ಲಿ ಸಿಕ್ಕಿದ್ದು ಬರೀ ಪೊದೆ.

ಆಗ ನಾನು ಎದ್ದು ನಿಂತು ವಾರ್ಡಿನ ದನಿಯಲ್ಲಿ ಮಾತಾಡಿದೆ. ಅವರ ತಂಗಿ ಇದ್ದಳು, ಅವಳ ಗಂಡ ಇದ್ದರು, ಕಾವಲಿನವರು ಇದ್ದರು.

"ಹತ್ತು ನಿಮಿಷ ಮನುಷ್ಯರಂಗೆ ಸುಮ್ನೆ ಇರಾಕೆ ಆಗಲ್ವಾ ನಿಮ್ಗೆ? ನಾಲ್ಕು ಜನದ ಹಂಗೆ ನೆಟ್ಟಗೆ ನಿಂತಿದ್ದು ಒಂದಾದ್ರೂ ಫೋಟೊ ಐತಾ? ನಾನು ತೆಗ್ದಿದ್ದೆಲ್ಲಾ ಹಾಳು ಮಾಡೋದೇ ಕೆಲ್ಸ."

ನಾದಿನಿಯ ಗಂಡ ತಮ್ಮ ಚಪ್ಪಲಿ ನೋಡತೊಡಗಿದರು. ಇವರು ಒಮ್ಮೆ ನಕ್ಕು ನೋಡಿದರು, ನಾನು ನಗಲಿಲ್ಲ.

"ತಪ್ಪಾಯ್ತು," ಎಂದರು.

ವಾಪಸು ಬರುವಾಗ ಎಲ್ಲರ ಜೊತೆಗೂ ಎಂದಿನಂತೆ ಹರಟಿದರು. ವಿಷಯ ಅಲ್ಲಿಗೆ ಮುಗಿಯಿತೆಂದುಕೊಂಡೆ. ಆದರೆ ಆಮೇಲೆ ನಾನು ಕ್ಯಾಮೆರಾ ಎತ್ತಿದಾಗಲೆಲ್ಲ ಅವರು ಮಾತು ನಿಲ್ಲಿಸಿ, ಎರಡೂ ಕೈಗಳನ್ನು ತೊಡೆಗೆ ಒತ್ತಿ, ಬಾಯಿ ಮುಚ್ಚಿ ನೆಟ್ಟಗೆ ನಿಲ್ಲುತ್ತಿದ್ದರು. ಕ್ಯಾಮೆರಾ ಇಳಿಸಿದ ಮೇಲೆಯೇ ಮತ್ತೆ ಮಾತು. ಅದರಲ್ಲಿ ಸಿಟ್ಟಿರಲಿಲ್ಲ, ವ್ಯಂಗ್ಯವೂ ಇರಲಿಲ್ಲ. ನನಗೆ ಬೇಕಾದದ್ದನ್ನು ಕೊಡುತ್ತಿದ್ದರು ಅಷ್ಟೆ. ನಾನಾದರೂ 'ಈಗ ಸರಿ' ಎಂದು ಹೇಳುತ್ತಿದ್ದೆ. ನಿಜ ಹೇಳಬೇಕೆಂದರೆ, ಆ ಚಿತ್ರಗಳನ್ನು ನೋಡಿ ನನ್ನ ಕೈ ಪಳಗಿತು ಎಂದು ಹೆಮ್ಮೆಪಟ್ಟಿದ್ದೆ. ಒಂದು ವರ್ಷದ ಮೇಲೆ, ಒಂದು ಬೆಳಿಗ್ಗೆ, ತಿಂಡಿಯ ಹೊತ್ತಿಗೆ ಅವರ ಎದೆಬಡಿತ ನಿಂತಿತು. ಎಷ್ಟೋ ಜನರ ನಾಡಿ ಹಿಡಿದ ಕೈ ನನ್ನದು. ಆಂಬುಲೆನ್ಸ್ ಬರುವ ಮೊದಲೇ ನನಗೆ ಗೊತ್ತಾಗಿತ್ತು.

ನಾದಿನಿ ಕೇಳಿದ ಮೇಲೆ ನಾನು ಎಲ್ಲ ಫೋಲ್ಡರುಗಳನ್ನೂ ಮೊದಲಿನಿಂದ ತೆರೆದೆ. ಜಗಳೂರಿನ ನಂತರದವುಗಳಲ್ಲಿ ಅವರು ನೂರಕ್ಕೂ ಹೆಚ್ಚು ಕಡೆ ಇದ್ದರು, ಎಲ್ಲವೂ ಒಂದೇ ನಿಲುವು. ಜಗಳೂರಿಗಿಂತ ಹಿಂದಿನವುಗಳಲ್ಲಿ ಒಂದರಲ್ಲೂ ಇರಲಿಲ್ಲ. ಹೊಳೆ, ಏರಿ, ತೂಬು, ಕೊಕ್ಕರೆಗಳು. ನೋಡಿದವರು ಆ ಊರುಗಳಿಗೆಲ್ಲ ನಾನೊಬ್ಬಳೇ ಹೋಗಿದ್ದೆ ಅಂದುಕೊಳ್ಳಬೇಕು. ಮಗಳ ಫೋನಿನಲ್ಲಿ ಅವಳ ಮಗುವಿನ ಚಿತ್ರಗಳಿದ್ದವು. ಮಗುವನ್ನು ಹಿಡಿದ ಕೈ ಅವರದು, ತಲೆ ಇರಲಿಲ್ಲ. ನಾದಿನಿಯ ಹಳೆಯ ಫೋನು ನೀರಿಗೆ ಬಿದ್ದು ಹೋಗಿತ್ತು. ಮದುವೆಯ ಫೋಟೊದಲ್ಲಿ ಅವರಿನ್ನೂ ಮೀಸೆ ಚಿಗುರಿದ ಹುಡುಗ, ಗೋಡೆಗೆ ಆಗುವಂತಿರಲಿಲ್ಲ. ನನಗೆ ಬೇಕಾಗಿದ್ದದ್ದು ಒಂದೇ ಒಂದು, ನಾನು ಬೈಯುವುದಕ್ಕಿಂತ ಹಿಂದಿನ ಅವರ ಮುಖ. ಎಷ್ಟು ಮಸುಕಾಗಿದ್ದರೂ ಆಗುತ್ತಿತ್ತು.

ಕ್ಯಾಮೆರಾದ ಎರಡೂ ಮೆಮೊರಿ ಕಾರ್ಡು ತೆಗೆದುಕೊಂಡು ನ್ಯಾಮತಿಗೆ ಹೋದೆ. ಮೆಕ್ಕೆಜೋಳದ ಸುಗ್ಗಿ, ರಸ್ತೆಯ ಅರ್ಧಕ್ಕೆ ಕಾಳು ಹರಡಿದ್ದರು, ಬಸ್ಸು ನಿಧಾನವಾಗಿ ಹೋಯಿತು. ಭಾಯಿ ಅಂಗಡಿಯ ಬಾಗಿಲು ಅರ್ಧ ಎಳೆದು ಎರಡು ತಾಸು ಕೂತು ನೋಡಿದರು.

"ಇಲ್ಲ ಮೇಡಮ್ಮೋರೆ. ಇದರ ಮ್ಯಾಲೆ ಹೊಸದು ತುಂಬಿ ತುಂಬಿ ಹಳೇದೆಲ್ಲಾ ಹೋಗೈತೆ. ಯಾರು ಅಳಿಸಿದ್ರು?"

"ನಾನೇ."

ಅವರು ಕಾರ್ಡುಗಳನ್ನು ನನ್ನ ಕೈಗೆ ಕೊಟ್ಟರು. ಆಮೇಲೆ ತಮ್ಮ ಕಂಪ್ಯೂಟರಿನ ಕಡೆ ತಿರುಗಿ, "ನನ್ನದು ಕಸದ ಗುಡ್ಡೆ. ಏನೂ ತೆಗೆದು ಹಾಕಲ್ಲ, ಮಗ ದಿನಾ ಬೈತಾನೆ," ಎನ್ನುತ್ತ ಹುಡುಕಿದರು. 'ಹೊನ್ನಾಳಿ ಸಿಸ್ಟರ್' ಎಂಬ ಫೋಲ್ಡರ್ ಸಿಕ್ಕಿತು. ಅದರಲ್ಲಿದ್ದದ್ದು ಚನ್ನಗಿರಿಯ ಗುಡ್ಡದ ಕೋಟೆ ಬಾಗಿಲು. ನಾನು ಮೊದಲ ವರ್ಷ ತೆಗೆದು, ದೊಡ್ಡದು ಮಾಡಿಸಿ ಹಜಾರದಲ್ಲಿ ಹಾಕಿದ ಚಿತ್ರ. ಬರೀ ಕಲ್ಲು, ಕಲ್ಲಿನ ಮೇಲೆ ಬೆಳಗಿನ ಬಿಸಿಲು.

"ಇದು ಬೇಡ ಭಾಯಿ. ಇದರಲ್ಲಿ ಅವರಿಲ್ಲ."

"ನಿಮ್ಮ ಮನೇಲಿರೋದ್ರಾಗೆ ಇಲ್ಲ. ಇದು ಕಟ್ ಮಾಡೋಕೆ ಮುಂಚಿಂದು. ಎಡಗಡೆ ಮೂಲೇಲಿ ಯಾರೋ ಅಡ್ಡ ಬಂದಾರೆ, ತೆಗೀರಿ ಅಂದಿದ್ರಲ್ಲ, ನೆನಪೈತಾ?"

ಅವರು ಆ ಮೂಲೆಯನ್ನು ದೊಡ್ಡದು ಮಾಡಿದರು.

ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕೈ ಗೋಡೆಯ ಸಂದಿಯಲ್ಲಿ ಸಿಕ್ಕಿಸಿ, ಮೈಯೆಲ್ಲ ಒಂದು ಕಡೆಗೆ ತೂಗಿ, ತಲೆ ಹಿಂದಕ್ಕೆ ಎಸೆದು ನಗುತ್ತಿದ್ದಾರೆ. ಬಾಯಿ ತೆರೆದಿದೆ. ಕಣ್ಣು ಮುಚ್ಚಿದೆ. ಎತ್ತಿದ ಇನ್ನೊಂದು ಕೈ ಅಲುಗಿ ಬರೀ ಬಿಳಿಯ ಗೆರೆಯಾಗಿದೆ.

ನಾನು ಬಹಳ ಹೊತ್ತು ನೋಡಿದೆ. ಆಮೇಲೆ ಕೇಳಿದೆ, "ಅವತ್ತೇ ನಿಮಗೆ ಗೊತ್ತಾಗಿತ್ತಾ, ಇವರು ಯಾರು ಅಂತ?"

"ಗೊತ್ತಾಗಿತ್ತು."

"ಮತ್ತೆ ಹೇಳಬೇಕಿತ್ತಲ್ಲ."

"ಹೇಳಾಕೆ ಬಾಯಿ ತೆಗೆದೆ. ಅವ್ರೇ ನಿಮ್ಮ ಹಿಂದೆ ನಿಂತಿದ್ರಲ್ರೀ. ಕಣ್ಣು ಹೊಡೆದು ಕೈಯಾಡಿಸಿದ್ರು, ಕಟ್ ಮಾಡಿಬಿಡ್ರಿ ಅಂತ."

ಹೊರಗೆ ಶಿವಮೊಗ್ಗದ ಬಸ್ಸು ಬಂದು, ಜನ ಇಳಿದು, ಹೋಯಿತು. ಭಾಯಿ ಕನ್ನಡಕ ಒರೆಸಿಕೊಂಡು ಪರದೆಯ ಮೇಲೆ ಬೆರಳಿಟ್ಟರು. ಚಿತ್ರದಲ್ಲಿ ನಮ್ಮ ಮನೆಯವರ ಕಾಲ ಬಳಿ, ಮೆಟ್ಟಿಲ ಮೇಲೆ, ಇನ್ನೊಬ್ಬರ ನೆರಳು ಬಿದ್ದಿತ್ತು. ತಲೆ ಮತ್ತು ಹೆಗಲು ಮಾತ್ರ. ಆ ಮನುಷ್ಯ ಚಿತ್ರದ ಹೊರಗಿದ್ದ.

"ಈ ನೆರಳು ತೆಗೀಲಾ? ಗೋಡೆಗೆ ಹಾಕಾಕೆ ಚೆನ್ನಾಗಿರ್ತೈತೆ."

"ಬ್ಯಾಡ್ರಿ. ಇರ್ಲಿ."

ಆ ಚಿತ್ರವೇ ಈಗ ಗೋಡೆಯ ಮೇಲಿದೆ. ನಾದಿನಿ ಬಂದು ನೋಡಿ, ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು, ಆಮೇಲೆ ನಕ್ಕಳು. "ಏನು ಕೇಳಿ ಹಿಂಗೆ ನಗ್ತಿದ್ದ ಅತ್ತಿಗೆ?" ಎಂದಳು. ಅಂದು ಹೋದವರು ನಾವಿಬ್ಬರೇ. ಬೆಳಿಗ್ಗೆ ಏಳೂಕಾಲಾಗಿತ್ತು ಎಂಬುದು ನೆನಪಿದೆ. ಬಿಸಿಲು ಯಾವ ಕಡೆಯಿಂದ ಬೀಳುತ್ತಿತ್ತು, ಕ್ಯಾಮೆರಾದ ಅಂಕಿಗಳು ಏನಿದ್ದವು, ಎಲ್ಲ ನನ್ನ ನೋಟ್‌ಬುಕ್ಕಿನಲ್ಲಿ ಬರೆದಿದೆ. ಬಸ್ಸಿನ ಹಿಂದಿನ ಸೀಟಿಗೂ ಕೇಳುತ್ತಿದ್ದ ಆ ನಗುವಿನಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತಿದ್ದೆ. ನಾನು ಅದನ್ನು ಕೇಳಿಸಿಕೊಳ್ಳಲಿಲ್ಲ.

ಹಾಗಾಗಿ ಈಗ ತಿಂಗಳಿಗೊಮ್ಮೆ ಮೊದಲ ಬಸ್ಸಿಗೆ ಚನ್ನಗಿರಿಗೆ ಹೋಗುತ್ತೇನೆ. ಗುಡ್ಡಕ್ಕೆ ಬೆಳಿಗ್ಗೆ ವಾಕಿಂಗ್ ಬರುವವರು ಬಹಳ ಜನ, ಆ ನೆರಳು ಅವರಲ್ಲಿ ಯಾರದಾದರೂ ಇರಬಹುದು. ಚೀಲದಲ್ಲಿ ಆ ಚಿತ್ರದ ಸಣ್ಣ ಪ್ರತಿ ಇಟ್ಟುಕೊಂಡಿರುತ್ತೇನೆ. ಹೋದ ತಿಂಗಳು ನನ್ನದೇ ವಯಸ್ಸಿನ ಒಬ್ಬ ಹೆಂಗಸು, ಸೀರೆಯ ಕೆಳಗೆ ಬೂಟು ಹಾಕಿದವರು, ಮೆಟ್ಟಿಲ ಮೇಲೆ ಕೂತು ಸುಧಾರಿಸಿಕೊಳ್ಳುತ್ತಿದ್ದರು. ಅವರಿಗೂ ತೋರಿಸಿದೆ. ಚಿತ್ರವನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು. ನೋಡುತ್ತಲೇ ಅವರಿಗೂ ನಗು ಬಂತು.

"ಅಯ್ಯೋ, ಎಷ್ಟು ಚಂದ ನಗ್ತಾರೆ ನೋಡ್ರಿ. ಯಾರ್ರೀ ಇವ್ರು?"

"ನಮ್ಮ ಮನೆಯೋರು."

"ಅಂಥಾದ್ದು ಯಾರೇನ್ ಹೇಳಿದ್ರು ಅವ್ರಿಗೆ?"

"ಗೊತ್ತಿಲ್ರಿ," ಎಂದೆ. "ಅದನ್ನೇ ಕೇಳಾಕೆ ಬಂದೀನಿ."