ಮಣ್ಣೊಳಗಿನ ನಂಬರು

ನಿಮ್ಮ ತಾತನ ಫೋನು ಕಪಿಲೆಗೆ ಬಿದ್ದುಹೋಯಿತು ಎಂದು ನಿಮಗೆಲ್ಲ ಹೇಳಿದ್ದೆ. ಅದು ಸುಳ್ಳು, ಮಕ್ಕಳೇ. ಮಣ್ಣು ಮಾಡುವಾಗ ಅವರಿಗೆ ಇಷ್ಟವಾದದ್ದನ್ನು ಜೊತೆಗಿಡಿ ಎಂದರು. ಎಲೆಅಡಿಕೆ ಚೀಲ ಇಟ್ಟರು. ಯಾರೂ ನೋಡದಾಗ ನಾನು ಅವರ ಅಂಗಿಯ ಜೇಬಿಗೆ ಆ ಬಟನ್ ಫೋನನ್ನೂ ಹಾಕಿದೆ. ಅದರಲ್ಲಿ ಅವರು ಹಳೆಯ ಹಾಡು ಕೇಳುತ್ತಿದ್ದರು.

ಹೆಮ್ಮಿಗೆಯ ನಮ್ಮ ಹೊಲದ ಬದುವಿನಲ್ಲಿ ಅವರ ಸಮಾಧಿ. ಕೊನೆಗಾಲದಲ್ಲಿ ಅವರು ಕೇಳಿದ್ದು ಒಂದೇ. “ಮ್ಯಾಲೊಂದು ಚಪ್ಪಡಿ ಆಕ್ಸು ಕಣಮ್ಮಿ. ದನ ತುಳಿಯದು ಬ್ಯಾಡ.” ಹೂಂ ಎಂದಿದ್ದೆ.

ನಂಜನಗೂಡಿನ ಕಾರ್ಖಾನೆಯಿಂದ ನಿವೃತ್ತರಾದಾಗ ಬಂದ ಹಣವನ್ನು ಅವರು ನನ್ನ ಹೆಸರಿನಲ್ಲಿ ಬ್ಯಾಂಕಿನಲ್ಲಿಟ್ಟಿದ್ದರು. ಪ್ರತಿ ಏಪ್ರಿಲ್‌ನಲ್ಲಿ ಒಂದು ಫಾರಂಗೆ ನನ್ನ ಸಹಿ ಹಾಕಿಸಿ ಕೊಟ್ಟುಬರುತ್ತಿದ್ದರು. ಏಕೆಂದು ನಾನು ಕೇಳಲಿಲ್ಲ. ಅವರು ಹೋದ ಮೇಲೆ ತೆರಿಗೆ ಹಿಡಿಯಬೇಡಿ ಎನ್ನುವ ಆ ಫಾರಂ ಹೋಗಲಿಲ್ಲ, ಬ್ಯಾಂಕಿನವರು ಬಡ್ಡಿಯಲ್ಲಿ ತೆರಿಗೆ ಹಿಡಿದರು. ಉಳಿದ ಬಡ್ಡಿ ಮನೆ ಖರ್ಚಿಗೆ, ಮಾತ್ರೆಗೆ ಸರಿಹೋಗುತ್ತಿತ್ತು. ಕಡಿಮೆ ಬರುತ್ತಿದೆ ಎಂದು ಗೊತ್ತಾದರೂ ಕೌಂಟರಿನ ಮುಂದೆ ನಿಂತು ಕೇಳಲು ನನಗೆ ನಾಚಿಕೆ. ನಿಮ್ಮಪ್ಪನಿಗೆ ಹೇಳಲೂ ನಾಚಿಕೆ. ಹಾಗೇ ಮೂರು ವರ್ಷ ಕಳೆಯಿತು.

ತೆರಿಗೆಯ ರಿಟರ್ನ್ ಹಾಕಿದರೆ ಹಿಡಿದದ್ದು ವಾಪಸ್ಸು ಬರುತ್ತದೆ ಎಂದು ಬಸ್ಸಿನಲ್ಲಿ ಯಾರೋ ಮಾತಾಡಿದ್ದು ಕಿವಿಗೆ ಬಿತ್ತು. ಡಿಸೆಂಬರಿನ ಕೊನೆಯ ವಾರ ನಂಜನಗೂಡಿಗೆ ಹೋದೆ. ರಿಟರ್ನ್ ಹಾಕಿಕೊಡುವ ಒಂದು ಸಣ್ಣ ಆಫೀಸಿನಲ್ಲಿ ಒಬ್ಬ ಹೆಂಗಸು ಕೂತಿದ್ದಳು.

“ಹಿಂದಿನ ಎರಡು ವರ್ಸದ್ದು ಓಯ್ತು ಅಂತ್ಲೇ ತಿಳ್ಕೊಳವ್ವ, ಟೈಮ್ ಮುಗ್ದೋಗದೆ. ಈ ಸಲದ್ದು ಮೂವತ್ತೊಂದರೊಳಗೆ ಆಕುದ್ರೆ ಬತ್ತದೆ.”

ಒಂದು ಚಪ್ಪಡಿಗೆ ಅಷ್ಟು ಸಾಕಿತ್ತು.

“ಈಗ ಫೋನಿಗೆ ಓಟಿಪಿ ಬತ್ತದೆ, ಆ ಆರು ಅಂಕಿ ಓದಿ,” ಎಂದಳು. ಬರಲಿಲ್ಲ. ತೆರಿಗೆಯವರಲ್ಲಿ ನನ್ನ ಹೆಸರಿಗೆ ಇದ್ದದ್ದು ನಿಮ್ಮ ತಾತನ ನಂಬರು. ಆಧಾರಿಗೂ ಅದೇ. ಬದಲಾಯಿಸಲು ಟಿ. ನರಸೀಪುರದ ಆಧಾರ್ ಕೇಂದ್ರಕ್ಕೆ ಎರಡು ದಿನ ಅಲೆದೆ. ಯಂತ್ರ ನನ್ನ ಬೆರಳನ್ನು ಒಪ್ಪಲಿಲ್ಲ.

“ಏನವ್ವ, ಗೆರೆನೇ ಇಲ್ವಲ್ಲ. ಪಾತ್ರೆ ಜೊತೆ ಅದ್ನೂ ಉಜ್ಜಾಕ್ಬುಟ್ರಾ?” ಎಂದ ಅಲ್ಲಿದ್ದವನು. ಸಾಲಿನಲ್ಲಿದ್ದವರು ನಕ್ಕರು. ನಾನೂ ನಕ್ಕೆ.

ಮೂವತ್ತೊಂದಕ್ಕೆ ಮತ್ತೆ ನಂಜನಗೂಡಿಗೆ ಹೋದೆ. ಆ ಹೆಂಗಸೇ ದಾರಿ ಹೇಳಿದಳು. “ಆ ನಂಬರು ಈಗ ಬ್ಯಾರೆ ಯಾರಿಗೋ ಕೊಟ್ಟಿರ್ತಾರೆ. ಫೋನ್ ಮಾಡಿ, ಬಂದಿರೋ ಆರು ಅಂಕಿ ಓದಪ್ಪ ಅಂತ ಕೇಳಿ. ಕೊಟ್ರೂ ಕೊಟ್ಟಾರು.” ನನ್ನ ಫೋನಿನಲ್ಲಿ ಅವಳೇ ಒತ್ತಿಕೊಟ್ಟಳು.

ರಿಂಗಾಯಿತು. ಆ ಫೋನು ಮಣ್ಣೊಳಗಿದೆ ಎಂದು ನನ್ನ ಕೈಗೆ ಗೊತ್ತು.

“ಅಲೋ, ಯಾರು?” ಗಂಡಸಿನ ದನಿ. ನನ್ನ ನಾಲಗೆ ಏಳಲಿಲ್ಲ. “ಯಾರವ್ವಾ? ಮಾತಾಡಿ.” ಅವ್ವ ಎಂದು ಅವನಿಗೆ ಹೇಗೆ ತಿಳಿಯಿತೋ. ಫೋನಿಟ್ಟೆ.

“ಇನ್ನೊಂದ್ಸಲ ಮಾಡವ್ವ,” ಎಂದಳು.

“ನಾಳೆ ಮಾಡ್ತೀನಿ.”

“ನಾಳೆ ಜನವರಿ ಕಣವ್ವ.”

ನನಗೂ ಗೊತ್ತಿತ್ತು. ಎದ್ದು ಬಸ್ಸು ಹತ್ತಿದೆ. ಮುಂದಿನ ವರ್ಷಕ್ಕೂ ಇರುವುದು ಅದೇ ನಂಬರು, ಇದೇ ನಾಲಗೆ.

ಮಾರನೆಯ ಬೆಳಿಗ್ಗೆ ಹೊಲಕ್ಕೆ ಹೋದೆ. ಸಮಾಧಿಯ ಮಣ್ಣು ಇನ್ನಷ್ಟು ಇಳಿದಿತ್ತು, ಮೇಲೆ ಗೊರಸಿನ ಗುರುತು. ಒಂದು ಮಂಕರಿ ಮಣ್ಣು ತಂದು ಸುರಿದು ಕೈಯಿಂದ ತಟ್ಟಿದೆ. ಸಂಜೆ ಅದೇ ದಾರಿಯಲ್ಲಿ ದನ ಮನೆಗೆ ಬರುತ್ತವೆ.